ಉಸಿರಾಡುವ ಗೋಡೆ

ನೋಹೆಯಾಗೆ,

ನಾನು ಪುವಾನಾನಿ ಕಪುನಿ. ಮೊಲೊಕಾಯ್ ದ್ವೀಪದ ಈ ಕಡಲಂಚಿನ ಕಲ್ಲುಗೋಡೆಯ ಮೀನುಕೊಳವನ್ನು ನಲವತ್ತು ವರ್ಷದಿಂದ ಕಾಯುತ್ತಿರುವವಳು. ಇಲ್ಲಿ ನನ್ನ ಮಾತೇ ಕೊನೆ.

ಹೋದ ತಿಂಗಳು ನೀನು, "ಹಿಂಗೆ ಸಿಮೆಂಟ್ ಮೆತ್ತಿದ್ರೆ ಗೋಡೆ ಉಸಿರಾಡೋದು ಹೆಂಗೆ ಟೂಟೂ ಅಜ್ಜಿ?" ಎಂದೆ. "ನಿನ್ನೆ ಮೊನ್ನೆ ಕಲ್ಲು ಮುಟ್ಟಿದೋಳು ನಂಗೇ ಪಾಠ ಹೇಳ್ತೀಯಾ? ನಡೀ ಆಚೆ!" ಎಂದು ನಾನು ನಿನ್ನನ್ನೂ, ಗೋಡೆ ಕಟ್ಟಲು ಬಂದಿದ್ದ ನಿನ್ನ ಸ್ವಯಂಸೇವಕರನ್ನೂ ಓಡಿಸಿದೆ.

ಮೊನ್ನೆಯ ದೊಡ್ಡ ಅಲೆಗೆ ನನ್ನ ಸಿಮೆಂಟು ಸೀಳಿಹೋಯಿತು. ನೀವು ಬರಿಗಲ್ಲು ಜೋಡಿಸಿದ ಕಡೆ ನೀರು ಸಂದುಗಳಲ್ಲಿ ನುಸುಳಿ ಹೋಯಿತು, ಒಂದು ಕಲ್ಲೂ ಕದಲಲಿಲ್ಲ. ಒಳಗೆ ಮರಿಮೀನುಗಳು ಕುಣಿಯುತ್ತಿದ್ದವು. ನಾನೂ ಜೋರಾಗಿ ನಕ್ಕೆ, ಯಾರಿಗೂ ಹೇಳಬೇಡ.

ಶನಿವಾರ ಎಲ್ಲರನ್ನೂ ಕರೆದುಕೊಂಡು ಬಾ. ಪಾಚಿ ಜಾರುತ್ತದೆ, ಹಳೆಯ ಬೂಟು ಹಾಕಿಕೊಳ್ಳಿ. ಊಟಕ್ಕೆ ಹಂದಿಮಾಂಸ, ಕೆಸುವಿನ ಗಡ್ಡೆ ಅರೆದ ಪೋಯಿ ನನ್ನ ಮನೆಯದು.

ಸಿಮೆಂಟನ್ನು ಇಂದು ಬೆಳಿಗ್ಗೆ ನಾನೇ ಸುತ್ತಿಗೆ ಹಿಡಿದು ಒಡೆದು ಹಾಕಿದ್ದೇನೆ.

ನಿನ್ನ ಅಜ್ಜಿ,
ಪುವಾನಾನಿ