ಮಗ್ಗ ನಿಂತ ಮೇಲಿನ ಪ್ರಶ್ನೆ

ಮೊದಲು ಅಂಜಿಕೆ, ಆಮೇಲೆ ಪ್ರೀತಿ ಹುಟ್ಟಿಸಿದ ಅತ್ತೆಯವರಿಗೆ,

ಬನಹಟ್ಟಿಯ ಈ ಮನೆಗೆ ನಾನು ಸೊಸೆಯಾಗಿ ಬಂದ ಮೊದಲ ಸಂಜೆ ನೆನಪಿದೆಯೇ? ನಾಲ್ಕೂ ಪಾವರ್‌ಲೂಮ್ ಬಂದ್ ಮಾಡಿಸಿ, ನೇಯುವವರನ್ನೂ ಮನೆಯವರನ್ನೂ ಚಹಾಕ್ಕೆ ನೆಲದ ಮೇಲೆ ಕೂರಿಸಿ ಕೇಳಿದಿರಿ: "ಹೇಳ್ರಿ, ಇವತ್ತ ಯಾರ್ಯಾರ ಮ್ಯಾಲ ಒದರೀರಿ?" ಮಗ್ಗದ ಸದ್ದಿನಲ್ಲಿ ಒದರದಿದ್ದರೆ ಮಾತು ಕೇಳಿಸದು, ಒದರಿ ಒದರಿ ಮಾತು ಯಾವುದು, ಸಿಟ್ಟು ಯಾವುದು ಎಂದೇ ಮರೆತುಹೋಗುತ್ತದೆ ಎಂಬುದು ನಿಮ್ಮ ವಾದ. ಒಬ್ಬೊಬ್ಬರೂ ದಿನವನ್ನು ನೆನೆದು ಹೇಳಬೇಕು, ಉಳಿದವರು ನಡುವೆ ಬಾಯಿ ಹಾಕಬಾರದು. ಜಮಖಂಡಿಯಲ್ಲಿ ಬಿ.ಎ. ಮುಗಿಸಿದ್ದ ನನಗೆ ಯಾವ ಪೇಪರಿನಲ್ಲೂ ಅಂಥ ಕಠಿಣ ಪ್ರಶ್ನೆ ಬಂದಿರಲಿಲ್ಲ.

ನೀವು ಕಣ್ಮುಚ್ಚಿ ಹನ್ನೆರಡು ವರ್ಷವಾಯಿತು; ಆಮೇಲೆ ಕಂಪ್ಯೂಟರ್ ಬಂತು. ನಿಮ್ಮ ಜಾಗಕ್ಕೆ ಎನ್ನಲಾರೆ. ಅದು ಚಹಾದಲ್ಲಿ ಸಕ್ಕರೆ ಕಡಿಮೆ ಎನ್ನುವುದಿಲ್ಲ. ಸೀರೆಯ ಅಂಚಿನ ಚಿತ್ರವನ್ನು ನಾನೇ ಅದರಲ್ಲಿ ಬಿಡಿಸತೊಡಗಿದೆ. ಆರ್ಡರು ಮೊಬೈಲಿನಲ್ಲಿ, ತಕರಾರೂ ಮೊಬೈಲಿನಲ್ಲಿ. ಸಂಜೆ ಕೂರಲು ಯಾರಿಗೆ ಪುರಸೊತ್ತು? ಚಹಾ ಮಗ್ಗದ ಹತ್ತಿರವೇ ಹೋಗತೊಡಗಿತು, ನಿಮ್ಮ ಪ್ರಶ್ನೆ ಮಾತ್ರ...

ಮೊನ್ನೆ ಸೋಮವಾರ, ನೀವೇ ಕೈಹಿಡಿದು ನೇಯಲು ಕಲಿಸಿದ ಶಾಂತವ್ವ ನನ್ನನ್ನು ಕರೆದಳು. "ವೈನಿ, ಇಲ್ಲೆ ನೋಡ್ರಿ. ಒಂದ ಕಡೆ ಅಂಚಿನ್ಯಾಗ ನವಿಲು ತಲಿ ಕೆಳಗ ಮಾಡೇತಿ."

"ಕಂಪ್ಯೂಟರ್ ತಪ್ಪಂಗಿಲ್ಲ ಬೇ! ನಿನ್ನ ಕಣ್ಣ ತಪ್ಪ್ಯಾವು!" ಎಲ್ಲರ ಮುಂದೆ ಒದರಿದೆ. ಅವಳು ಸೆರಗು ಝಾಡಿಸಿ ತನ್ನೂರು ಚಿಮ್ಮಡದ ಬಸ್ ಹತ್ತಿದಳು. ಮಧ್ಯಾಹ್ನ ಕಂಪ್ಯೂಟರಿನಲ್ಲಿ ನೋಡಿದರೆ, ನವಿಲಿಗೆ ಶೀರ್ಷಾಸನ ಹಾಕಿಸಿದವಳು ನಾನೇ.

"ಸಾರಿ" ಎಂದು ಮೆಸೇಜ್ ಕಳಿಸಿದೆ. ಎರಡು ದಿನ ಅವಳ ಮಗ್ಗ ಖಾಲಿ. ರಬಕವಿಯಲ್ಲಿ ಯಾರೋ ಅವಳನ್ನು ಕೆಲಸಕ್ಕೆ ಕರೆದಿದ್ದಾರೆಂಬ ಸುದ್ದಿ ಬೇರೆ. ನೀವು ಬೆಳೆಸಿದವಳನ್ನು ನಾನು ಕಳೆದುಕೊಂಡೆನೇ? ಬುಧವಾರ ಸಂಜೆ ಎಲ್ಲ ಮಗ್ಗ ನಿಲ್ಲಿಸಿ, ಒಬ್ಬಳೇ ಕುಳಿತು ನಿಮ್ಮ ಪ್ರಶ್ನೆಯನ್ನು ಕೇಳಿಕೊಂಡೆ. ಒಂದೇ ಹೆಸರು ಬರುತ್ತದೆ ಎಂದುಕೊಂಡಿದ್ದೆ. ಬೆರಳು ಮಡಚುತ್ತ ಹೋದರೆ ಒಂದು ಕೈ ಸಾಲಲಿಲ್ಲ ಅತ್ತೆ. ನಿಮ್ಮ ಮಗನೊಬ್ಬರಿಗೇ ಎರಡು ಬೆರಳು.

ಮರುದಿನ ಫೋನು ಮನೆಯಲ್ಲೇ ಬಿಟ್ಟು ಚಿಮ್ಮಡಕ್ಕೆ ಹೋದೆ. ಶಾಂತವ್ವ ಚಾಪೆ ಹಾಸಿದಳು. "ತಪ್ಪ ನಂದ. ಎಲ್ಲಾರ ಮುಂದ ಒದರೇನಿ, ಎಲ್ಲಾರ ಮುಂದನ ಒಪ್ಪಕೋತೇನಿ. ಬಾ" ಎಂದೆ. ಅವಳು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. ನಾನು ಬಾಯಿ ಹಾಕದೆ ಕಾದೆ. ನನಗೆ ಅದೆಷ್ಟು ಕಷ್ಟ ಎಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಮೆಸೇಜಿನ್ಯಾಗ ನಿಮ್ಮ ಮಾರಿ ಕಾಣಂಗಿಲ್ಲರಿ ವೈನಿ," ಎಂದಳು ಕೊನೆಗೆ. "ಈಗ ನೋಡಿದ್ನಿ. ಎಷ್ಟ ಸಣ್ಣದಾಗೇತಿ! ಸಾಕ, ನಡೀರಿ."

ಎದೆಯ ಮೇಲಿನ ಕಲ್ಲು ಇಳಿಯಿತು. ಇಂದು ಸಂಜೆ ಎಲ್ಲರೂ ಮತ್ತೆ ನೆಲದ ಮೇಲೆ ಕುಳಿತೆವು. ಮೊದಲ ಪಾಳಿ ನನ್ನದು, ಒಪ್ಪಿಕೊಂಡೆ. ಶಾಂತವ್ವ ಏಳುವಾಗ ಹೇಳಿದಳು: "ನಾಳೆ ನನ್ನ ಪಾಳಿ ಐತ್ರಿ. ಹನ್ನೆರಡು ವರ್ಷದ್ದು ಐತಿ, ಎರಡ ಕಪ್ ಚಹಾ ಇಡ್ರಿ."

ಇಡುತ್ತೇನೆ ಅತ್ತೆ. ಅವಳು ಮುಗಿಸುವವರೆಗೂ ಕೇಳುತ್ತೇನೆ.

ನಿಮ್ಮ ಸೊಸೆ