ನಿಮ್ಮ ಕರೋಲಾಳ ಮೊಣಕಾಲು

ರೀ,

ನಿಮ್ಮ ಕರೋಲಾ ಮೊನ್ನೆ ಭಾನುವಾರ ಟೀವಿಯಲ್ಲಿ ಕಾಣಿಸಿಕೊಂಡಳು. ದಪ್ಪಗಾಗಿದ್ದಾಳೆ. ಬೇರೆ ಸುದ್ದಿ ಆಮೇಲೆ, ಮೊದಲು ಇದನ್ನು ನಿಮಗೆ ತಿಳಿಸಬೇಕು ಅನ್ನಿಸಿತು. ಈಗ ಅವಳು ಸ್ಪರ್ಧೆಗೆ ಇಳಿಯುವುದಿಲ್ಲ, ಇಳಿಯುವವರ ಬಗ್ಗೆ ಮೈಕ್ ಹಿಡಿದು ಮಾತಾಡುತ್ತಾಳೆ. ನೀವು ಹೋಗಿ ಎರಡು ವರ್ಷವಾಯಿತು. ಆದರೂ ಅವಳ ಮುಖ ಕಂಡೊಡನೆ ನನ್ನ ಹೊಟ್ಟೆ ಉರಿಯಿತು ಎಂದರೆ ನಂಬುತ್ತೀರಾ?

ಅಮೆರಿಕಕ್ಕೆ, ಈ ವುಡ್‌ಬ್ರಿಡ್ಜಿಗೆ ಬಂದ ಮೊದಲ ಚಳಿಗಾಲ ನೆನಪಿದೆಯೇ? ಮನೆಗೆ ಇನ್ನೂ ಸೋಫಾ ಬಂದಿರಲಿಲ್ಲ. ಪೋಲಿಯೋ ಬಂದು ಸೊರಗಿದ್ದ ಎಡಗಾಲನ್ನು ಚಾಚಿಕೊಂಡು ನೀವು ನೆಲದ ಮೇಲೆ ಕೂತಿದ್ದಿರಿ. ನಾನು ಹುಳಿಗೆ ಒಗ್ಗರಣೆ ಇಟ್ಟಿದ್ದೆ. "ಇವಳೇ, ಬೇಗ ಬಾ ಇಲ್ಲಿ" ಎಂದು ಕೂಗಿದಿರಿ. ಟೀವಿಯಲ್ಲಿ ಹಿಮದ ಬೆಟ್ಟದ ನೆತ್ತಿಯಿಂದ ಜರ್ಮನಿಯ ಹುಡುಗಿಯೊಬ್ಬಳು ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ಕಲ್ಲು ಉರುಳಿದ ಹಾಗೆ ಇಳಿಯುತ್ತಿದ್ದಳು. ಅವಳು ವಾಲಿದ ಕಡೆಗೆಲ್ಲ ನೀವೂ ವಾಲುತ್ತಿದ್ದಿರಿ. ಪಟ್ಟಿಯಲ್ಲಿ ಅವಳ ಹೆಸರು ಕೊನೆಯ ಐದಾರು ಜನರೊಳಗಿತ್ತು. "ನೋಡ್ತಿರು, ಈ ಹುಡುಗಿ ಮೇಲಕ್ಕೆ ಬರ್ತಾಳೆ" ಎಂದಿರಿ. ಅಷ್ಟರಲ್ಲಿ ಒಲೆಯ ಮೇಲೆ ಒಗ್ಗರಣೆ ಸೀದುಹೋಗಿತ್ತು.

ಮೂರನೆಯ ಚಳಿಗಾಲದಲ್ಲಿ ಅವಳು ಕೆನಡಾದಲ್ಲಿ ಗೆದ್ದ ದಿನ ನೀವು ಇಡೀ ಬಿಲ್ಡಿಂಗಿಗೆ ಮೈಸೂರುಪಾಕು ಹಂಚಿದಿರಿ. ಮಾಡಿದವಳು ನಾನು. ಅವಳ ಒಂದೊಂದು ಸ್ಪರ್ಧೆಗೂ ಒಂದೊಂದು ವೀಡಿಯೋ ಕ್ಯಾಸೆಟ್, ಒಂದೊಂದರ ಮೇಲೂ ನಿಮ್ಮ ಗುಂಡು ಅಕ್ಷರದ ಚೀಟಿ. ನಮ್ಮ ಮದುವೆಯ ಕ್ಯಾಸೆಟ್ಟಿಗೆ ಇವತ್ತಿಗೂ ಚೀಟಿ ಇಲ್ಲ. ಅವಳು 'ನಮ್ಮ ಕರೋಲಾ', ನಾನು 'ಇವಳೇ'. ನನ್ನನ್ನು ಹೆಸರು ಹಿಡಿದು ಕರೆದದ್ದು ಎಷ್ಟು ಸಲ, ನೀವೇ ಹೇಳಿ? ಸಮುದ್ರದಾಚೆ ಇರುವ, ನಿಮ್ಮ ಹೆಸರೂ ಗೊತ್ತಿಲ್ಲದ ಹುಡುಗಿ ನನಗೆ ಸವತಿಯಾದಳು. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಹೇಳಿದ್ದರೆ ನಕ್ಕುಬಿಡುತ್ತಿದ್ದರು.

ಆಸ್ಟ್ರಿಯಾದಲ್ಲಿ ಬಿದ್ದು ಅವಳ ಮೊಣಕಾಲು ಮುರಿದಾಗ ನಿಮಗೆ ಎರಡು ದಿನ ಅನ್ನ ಸೇರಲಿಲ್ಲ. ನನಗೆ ಆಪರೇಷನ್ ಆದ ದಿನ ಆಸ್ಪತ್ರೆಯ ಕೆಫೆಟೇರಿಯಾದಲ್ಲಿ ಗಡದ್ದಾಗಿ ತಿಂದು ಬಂದ ಮನುಷ್ಯ ನೀವು. ಆ ಶನಿವಾರ ಫ್ಲಶಿಂಗ್ ದೇವಸ್ಥಾನದ ಗಣಪತಿಗೆ ಅರ್ಚನೆ ಮಾಡಿಸೋಣ ಎಂದಿರಿ. ನಿಮ್ಮ ಕೆಲಸದ ಸಲುವಾಗಿ ಇರಬೇಕು ಎಂದುಕೊಂಡು ರೇಷ್ಮೆ ಸೀರೆ ಉಟ್ಟು ಬಂದೆ. ಅರ್ಚಕರು ಗೋತ್ರ, ನಕ್ಷತ್ರ ಕೇಳಿದರು. "ಕಾಶ್ಯಪ ಗೋತ್ರ, ರೋಹಿಣಿ ನಕ್ಷತ್ರ" ಎಂದಿರಿ. ನನ್ನ ಹೆಸರಿಗೇ ಎಂದು ಕೈ ಮುಗಿದೆ. ಆಮೇಲೆ ನೀವು "ಕರೋಲಾ" ಎಂದಿರಿ. ಅರ್ಚಕರು ಒಂದು ಕ್ಷಣ ನನ್ನ ಮುಖ ನೋಡಿ, 'ಕರೋಲಾ ನಾಮ್ನ್ಯಾಃ' ಎಂದು ಮಂತ್ರ ಮುಂದುವರಿಸಿದರು.

ವಾಪಸು ಬರುವಾಗ ಟ್ರೈನಿನಲ್ಲಿ ನೀವು ಮೆಲ್ಲಗೆ ಕೇಳಿದಿರಿ, "ಯಾಕೆ ಮುಖ ಊದಿಸ್ಕೊಂಡಿದೀಯ?"

"ನನ್ನ ನಕ್ಷತ್ರ ಯಾಕ್ರೀ ಕೊಟ್ರಿ ಅವಳಿಗೆ?"

"ಅವಳದು ಗೊತ್ತಿಲ್ವಲ್ಲ. ಹೆಂಗಸರದು ಅಂತ ನಂಗೆ ಗೊತ್ತಿರೋದು ನಿಂದೊಂದೇ ಕಣೇ."

ಆಗಲೇ ಖುಷಿಪಡಬೇಕಿತ್ತು. ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ವರ್ಷ ಬಿಟ್ಟು ಅವಳು ಮತ್ತೆ ಸ್ಕೀ ಕಟ್ಟಿ ಗೆದ್ದಾಗ, ಅದು ನನ್ನ ರೋಹಿಣಿಯ ಬಲ, ನನ್ನಿಂದ ಕಿತ್ತುಕೊಂಡದ್ದು ಎಂದೇ ಲೆಕ್ಕ ಹಾಕಿದೆ.

ಈಗ ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಅವಳ ಕೊನೆಯ ಸ್ಪರ್ಧೆಯ ಶನಿವಾರ ನಿಮಗೆ ಮ್ಯಾನ್‌ಹಾಟನ್ ಆಫೀಸಿನಲ್ಲಿ ಕಂಪ್ಯೂಟರುಗಳ ವೈಟುಕೆ ಟೆಸ್ಟಿಂಗ್ ಇತ್ತು. "ಹನ್ನೊಂದು ಗಂಟೆಗೆ ರೆಕಾರ್ಡ್ ಒತ್ತಿಬಿಡು, ಮರೀಬೇಡ" ಎಂದು ಹೊಸ ಕ್ಯಾಸೆಟ್ ಹಾಕಿಟ್ಟು, ಮೆಟ್ಟಿಲ ಮೇಲೆ ನಿಂತು ಇನ್ನೊಮ್ಮೆ ಹೇಳಿ ಹೋದಿರಿ. ಸಂಜೆ ನಾನು, "ಕರೆಂಟ್ ಹೋಗಿತ್ತು ರೀ" ಎಂದೆ. "ಹೋಗ್ಲಿ ಬಿಡು" ಎಂದಿರಿ. ಪೇಪರಿನಲ್ಲಿ ಬಂದದ್ದು ಅವಳು ನಿವೃತ್ತಳಾದಳು ಎಂಬ ಎರಡೇ ಸಾಲು. ಅದನ್ನೇ ಎಷ್ಟೋ ಹೊತ್ತು ಓದಿದಿರಿ.

ಕರೆಂಟ್ ಹೋಗಿರಲಿಲ್ಲ. ಹನ್ನೊಂದಕ್ಕೆ ಸರಿಯಾಗಿ ಟೀವಿ ಮುಂದೆ ಕೂತಿದ್ದೆ, ಬೇಕೆಂದೇ ಒತ್ತಲಿಲ್ಲ. ಅವಳು ಅರ್ಧ ಬೆಟ್ಟ ಇಳಿಯುವಷ್ಟರಲ್ಲಿ ಬಿದ್ದಳು. ಬೀಳಲಿ ಎಂದುಕೊಂಡೆ, ಸುಳ್ಳು ಹೇಳುವುದಿಲ್ಲ. ಅವಳು ಎದ್ದಳು. ಸ್ಪರ್ಧೆ ಅಲ್ಲಿಗೇ ಮುಗಿದಿತ್ತು, ಆದರೂ ಒಂದೇ ಕಾಲಿನ ಮೇಲೆ ಭಾರ ಹಾಕಿಕೊಂಡು ಮೆಲ್ಲಗೆ ಕೊನೆಯ ಗೆರೆಯವರೆಗೂ ಬಂದಳು. ಅಲ್ಲಿ ಹಿಮದಲ್ಲೇ ಕೂತು, ಬೂಟು ಬಿಚ್ಚಿ, ಎಡ ಮೊಣಕಾಲನ್ನು ಎರಡೂ ಕೈಯಿಂದ ನೀವಿಕೊಂಡಳು. ದಿನಾ ಸಂಜೆ ಸ್ಟೇಷನ್ನಿನಿಂದ ಬಂದು ನೀವು ಬಾಗಿಲ ಹತ್ತಿರ ಕೂತು ನೀವಿಕೊಳ್ಳುತ್ತಿದ್ದಿರಲ್ಲ, ಥೇಟ್ ಹಾಗೆಯೇ. ಇಷ್ಟು ವರ್ಷ ನೀವು ನೋಡುತ್ತಿದ್ದದ್ದು ಅವಳನ್ನಲ್ಲ, ಅವಳ ಕಾಲನ್ನು...

ಅವತ್ತೇ ಹೇಳಬಹುದಿತ್ತು. ನಾಳೆ ಹೇಳಿದರಾಯಿತು, ಸಿಟ್ಟು ಇಳಿಯಲಿ ಎಂದುಕೊಂಡೆ. ಆ ಜೂನ್‌ನಲ್ಲಿ ನಿಮ್ಮ ಎದೆಬಡಿತ ನಿಂತುಹೋಯಿತು. ಆ ಖಾಲಿ ಕ್ಯಾಸೆಟ್ ಇನ್ನೂ ಹಾಗೆಯೇ ಇದೆ. ಚೀಟಿ ಮಾತ್ರ ನೀವು ಮೊದಲೇ ಬರೆದು ಅಂಟಿಸಿದ್ದಿರಿ.

ಮೊನ್ನೆ ಟೀವಿಯಲ್ಲಿ ಅವಳು ನಗುತ್ತಾ ಹೇಳಿದಳು, ಆ ಮೊಣಕಾಲಿಗೆ ಮತ್ತೆ ಆಪರೇಷನ್ ಅಂತೆ. ನಿನ್ನೆ ಫ್ಲಶಿಂಗಿಗೆ ಹೋದೆ, ಒಬ್ಬಳೇ. ಅರ್ಚಕರು ಕೇಳಿದರು. ವರ್ಷಗಟ್ಟಲೆ ಹೇಳಿದ ಅಭ್ಯಾಸಕ್ಕೆ ನಿಮ್ಮ ಉತ್ತರಾಷಾಢವೇ ಬಾಯಿಗೆ ಬಂತು, ತಡೆದುಕೊಂಡೆ. "ಕಾಶ್ಯಪ ಗೋತ್ರ, ರೋಹಿಣಿ ನಕ್ಷತ್ರ, ಕರೋಲಾ" ಎಂದೆ.

ನನ್ನದು ಬೇಕಾದರೆ ಅವಳ ಹತ್ತಿರವೇ ಇರಲಿ. ನಿಮ್ಮದನ್ನು ಮಾತ್ರ ಕೊಡಲಿಲ್ಲ, ರೀ. ಕೊಡುವುದೂ ಇಲ್ಲ.

ನಿಮ್ಮ
ಇವಳೇ