ಹರಿಕೇಶನ ಸಾಕ್ಷಿ

18 ಫೆಬ್ರವರಿ 2025, ಮಂಗಳವಾರ. ಘಾಜಿಯಾಬಾದ್.

ಕೇಸು ನಮ್ಮ ಕಡೆ ವಾಲಿತು. ಆದರೂ ಸಂತೋಷವಾಗುತ್ತಿಲ್ಲ. ಹರಿಕೇಶನ ಕೆಲಸ ಹೋಯಿತು.

ಓಖ್ಲಾದ ನಮ್ಮ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಸರಕಿನ ಲಿಫ್ಟ್ ನಡೆಸುತ್ತಿದ್ದವನು ಅವನೇ. ಅದೇ ಲಿಫ್ಟ್ ಕುಸಿದು ನನ್ನ ಎಡಗಾಲು ಮುರಿದು ಹದಿನಾಲ್ಕು ತಿಂಗಳಾಯಿತು. 'ಜನ ಹತ್ತಬಾರದು' ಎಂಬ ಬೋರ್ಡ್ ಇದ್ದರೂ ಹತ್ತಿದಳು, ತಪ್ಪು ಅವಳದೇ ಎಂದು ಕಂಪನಿಯ ವಾದ. ಇವತ್ತು ಪರಿಹಾರದ ವಿಚಾರಣೆಗೆ ತಮ್ಮ ಕಡೆಯ ಸಾಕ್ಷಿಯೆಂದು ಹರಿಕೇಶನನ್ನೇ ಕರೆತಂದಿದ್ದರು.

ಕಂಪನಿಯ ವಕೀಲರು ಕೇಳಿದರು, "ಲಿಫ್ಟಿಗೆ ಬೋರ್ಡ್ ಹಾಕಿತ್ತಲ್ಲವೇ?"

"ಹಾಕಿದ್ದು ನಾನೇ, ಸಾಬ್," ಎಂದ. ಮತ್ತೆ ಸೇರಿಸಿದ, "ದೀದಿ ಬಿದ್ದ ಮಾರನೆಯ ದಿನ. ಮ್ಯಾನೇಜರ್ ಸಾಬ್ ಹೇಳಿದರು, ಮೊಳೆ ಹೊಡೆದೆ."

ನಾನು ತಲೆ ಎತ್ತಲಿಲ್ಲ. ಅವನು ಸಾಕ್ಷಿ ಹೇಳುತ್ತಾನೆಂದು ತಿಳಿದ ದಿನದಿಂದ ಮನೆಯಲ್ಲಿ ಅವನನ್ನು ಎಷ್ಟು ಬೈದಿದ್ದೆ! ನಾವು ಹೊರಗೆ ಬರುವಷ್ಟರಲ್ಲಿ ಅವನು ಹೊರಟುಹೋಗಿದ್ದ. ಆಟೋದಲ್ಲಿ ನಮ್ಮವರು, "ಇನ್ನು ಗೆದ್ದ ಹಾಗೇ ಕಣೇ" ಎಂದರು. ಸುಮ್ಮನೆ ಹೂಂಗುಟ್ಟಿದೆ.

ಸಂಜೆ ಡ್ಯೂಟಿಗೆ ಹೋದವನನ್ನು ಗೇಟಿನೊಳಗೇ ಬಿಡಲಿಲ್ಲವಂತೆ. ಸುದ್ದಿ ತಿಳಿದು ಫೋನ್ ಮಾಡಿದೆ.

"ಯಾಕೆ ಹೇಳಿದಿರಿ ಭಯ್ಯಾ? ಬೋರ್ಡ್ ಮೊದಲೇ ಇತ್ತು ಅಂದಿದ್ದರೆ ಮುಗಿಯುತ್ತಿತ್ತಲ್ಲ."

"ಅವರು ಕೇಳಿದರಲ್ಲ, ದೀದಿ," ಎಂದ. ಆಮೇಲೆ, ಮೆಟ್ಟಿಲು ಹತ್ತುವಾಗ ಈಗಲೂ ಕಾಲು ನೋಯುತ್ತದೆಯೇ ಎಂದು ವಿಚಾರಿಸಿದ.

ನಾಳೆ ಅವನ ಕೆಲಸದ ವಿಷಯವನ್ನು ನಮ್ಮ ವಕೀಲರ ಬಳಿ ಎತ್ತಬೇಕು. ಬೈದದ್ದನ್ನೂ ಅವನ ಮುಂದೆ ಒಪ್ಪಿಕೊಳ್ಳಬೇಕು. ಆದರೆ ಯಾವ ಮುಖ ಹೊತ್ತು ಹೇಳಲಿ?